ಅರ್ಜಿದಾರ ಒಳ್ಳೆಯವನು ಎಂಬುದು ಕಾರಣವಲ್ಲ

ವಸತಿ ಬಡಾವಣೆಯಲ್ಲಿ ಒಬ್ಬರಿಗೆ ಬೇಕರಿ ತೆರೆಯುವ ಮನಸ್ಸು. ವಲಯ ನಿಯಮದ ಪ್ರಕಾರ ಅಲ್ಲಿ ಅಂಗಡಿಗೆ ಅವಕಾಶವಿಲ್ಲ. ಅವಕಾಶವಿದ್ದರೂ ಇಷ್ಟು ಕಾರು ನಿಲ್ಲಿಸಲು ಜಾಗ ಬಿಡಬೇಕು, ನಿವೇಶನದಲ್ಲಿ ಅಷ್ಟು ಜಾಗವಿಲ್ಲ. ಆಗ ಉಳಿಯುವ ದಾರಿ ನಗರಸಭೆಗೆ ಅರ್ಜಿ ಹಾಕಿ ವಿನಾಯಿತಿ ಕೇಳುವುದು. ಅಮೆರಿಕದ ಊರುಗಳಲ್ಲಿ ಇದು ಮಾಮೂಲಿ ಕಲಾಪ. ನಿವೇಶನದ ಮುಂದೆ ನೋಟಿಸ್ ಬೋರ್ಡು ನಿಲ್ಲುತ್ತದೆ, ಸುತ್ತಲಿನ ಮನೆಗಳಿಗೆ ಪತ್ರ ಹೋಗುತ್ತದೆ, ಸಂಜೆ ಸಭೆ ಸೇರುತ್ತದೆ. ಪರ ವಿರೋಧ ಮಾತಾಡಲು ತಲಾ ಎರಡೋ ಮೂರೋ ನಿಮಿಷ. ಕೊನೆಗೆ ಸದಸ್ಯರ ಮತ.

ಇದನ್ನು ಕಂಡ ನಮ್ಮವರು ಮೆಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಮನೆಯ ಪಕ್ಕ ರಾತ್ರೋರಾತ್ರಿ ಪಬ್ ಎದ್ದು ನಿಲ್ಲುತ್ತದೆ, ಅಲ್ಲಿ ಬ್ರೆಡ್ಡು ಮಾರುವುದಕ್ಕೂ ಬಹಿರಂಗ ಸಭೆ ಅಂತ. ಈ ಮೆಚ್ಚುಗೆಯ ಹಿಂದೆ ಎರಡು ನಂಬಿಕೆಗಳಿವೆ. ನಿಯಮಕ್ಕೆ ಮುಖ ಮೋರೆ ಗೊತ್ತಾಗುವುದಿಲ್ಲ, ಆದ್ದರಿಂದ ಬಂದ ಅರ್ಜಿಯನ್ನೆಲ್ಲ ಅದರದರ ಯೋಗ್ಯತೆ ನೋಡಿ ತೀರ್ಮಾನಿಸುವುದೇ ಮಾನವೀಯ ಎಂಬುದು ಮೊದಲನೆಯದು. ನೆರೆಹೊರೆಯವರನ್ನು ಕೇಳಿ ನಿರ್ಧರಿಸಿದರೆ ಅದೇ ಪ್ರಜಾಪ್ರಭುತ್ವ ಎಂಬುದು ಎರಡನೆಯದು. ಕೇಳಲು ಎರಡೂ ಚೆನ್ನ. ಆದರೆ ವಿನಾಯಿತಿಯ ಚರಿತ್ರೆ ಎರಡಕ್ಕೂ ಸಾಕ್ಷಿ ಹೇಳುವುದಿಲ್ಲ.

ಇಡೀ ನಗರಕ್ಕೆ ಅನ್ವಯಿಸುವ ಅಮೆರಿಕದ ಮೊದಲ ವಲಯ ನಿಯಮ ಬಂದದ್ದು 1916ರಲ್ಲಿ, ನ್ಯೂಯಾರ್ಕಿನಲ್ಲಿ. ಅದರ ಜೊತೆಯಲ್ಲೇ ವಿನಾಯಿತಿ ಕೊಡುವ ಮೇಲ್ಮನವಿ ಮಂಡಳಿಯೂ ಹುಟ್ಟಿತು. ವಿನಾಯಿತಿಗೆ ಕಾನೂನು ಇಟ್ಟ ಷರತ್ತು ಬಿಗಿಯಾಗಿಯೇ ಇತ್ತು. ಅರ್ಜಿದಾರನಿಗೆ ಆಗುವ ತೊಂದರೆ ಆ ಜಾಗದ ವಿಶೇಷದಿಂದ ಬಂದಿರಬೇಕು. ನಿವೇಶನ ಮೂರು ಮೂಲೆಯದು, ಅರ್ಧ ಬಂಡೆ, ಅಥವಾ ತೀರಾ ಇಕ್ಕಟ್ಟು. ಉಳಿದವರಿಗೆ ಅನ್ವಯಿಸುವ ನಿಯಮವನ್ನೇ ಅದಕ್ಕೂ ಹಚ್ಚಿದರೆ ಏನೂ ಮಾಡಲಾಗದು ಅನ್ನುವಂತಿರಬೇಕು. ವ್ಯಾಪಾರ ಸಾಲದು, ಸಾಲ ತೀರಿಸಬೇಕು ಎಂಬುದು ಲೆಕ್ಕಕ್ಕಿಲ್ಲ. ತಾನೇ ತಂದುಕೊಂಡ ಕಷ್ಟವೂ ಲೆಕ್ಕಕ್ಕಿಲ್ಲ. ಅಂದರೆ ಮಂಡಳಿ ನೋಡಬೇಕಾದದ್ದು ಭೂಮಿಯನ್ನು, ಅದರ ಮಾಲೀಕನನ್ನಲ್ಲ.

ಸಭೆಯಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಜನ ನೋಡುವುದು ಮಾಲೀಕನನ್ನೇ. ಒಳ್ಳೆಯ ಕುಟುಂಬ, ಮೂವತ್ತು ವರ್ಷದಿಂದ ಊರಲ್ಲಿದ್ದಾರೆ, ಶಾಲೆಗೆ ದೇಣಿಗೆ ಕೊಟ್ಟಿದ್ದಾರೆ ಎಂಬ ಮಾತುಗಳೇ ಅಲ್ಲಿ ಓಡುವುದು. ಕೆಂಟಕಿಯ ಲೆಕ್ಸಿಂಗ್ಟನ್ ಊರಿನ ಇಂಥ ಮಂಡಳಿಯ ತೀರ್ಮಾನಗಳನ್ನು ಜೆಸ್ಸಿ ಡ್ಯೂಕ್‌ಮಿನಿಯರ್ ಮತ್ತು ಕ್ಲೈಡ್ ಸ್ಟೇಪಲ್ಟನ್ ಪರಿಶೀಲಿಸಿ 1962ರಲ್ಲಿ ಬರೆದರು. ಕಾನೂನಿನ ಷರತ್ತು ಒಂದು ಕಡೆ, ಮಂಡಳಿಯ ನಡೆ ಇನ್ನೊಂದು ಕಡೆ ಇದ್ದುದನ್ನು ಕಂಡು, ಅವರು ತಮ್ಮ ಲೇಖನದ ತಲೆಬರಹದಲ್ಲೇ ಅದನ್ನು ದುರಾಡಳಿತ ಎಂದು ಕರೆದರು.

ಮುಖ ನೋಡಿ ಮಣೆ ಹಾಕುವ ಅಧಿಕಾರ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಲು ವಲಯ ನಿಯಮಗಳಿಗಿಂತ ಹಿಂದಕ್ಕೆ, ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು. 1880ರಲ್ಲಿ ಆ ನಗರದ ಆಡಳಿತ ಮಂಡಳಿ ಒಂದು ಆಜ್ಞೆ ಹೊರಡಿಸಿತು: ಇಟ್ಟಿಗೆ ಅಥವಾ ಕಲ್ಲಿನ ಕಟ್ಟಡ ಬಿಟ್ಟು ಬೇರೆಡೆ ಬಟ್ಟೆ ಒಗೆಯುವ ಲಾಂಡ್ರಿ ನಡೆಸಲು ಮಂಡಳಿಯ ಒಪ್ಪಿಗೆ ಬೇಕು. ಬೆಂಕಿಯ ಭಯ ಅನ್ನುವುದು ಕಾರಣ. ಊರಿನ ಹತ್ತರಲ್ಲಿ ಒಂಬತ್ತು ಮನೆ ಮರದವೇ ಆಗಿದ್ದವು, ಹಾಗಾಗಿ ಕಾರಣ ಸುಳ್ಳೆನಿಸಲಿಲ್ಲ. ಆಜ್ಞೆಯಲ್ಲಿ ಯಾರ ಜಾತಿ, ಜನಾಂಗದ ಹೆಸರೂ ಇರಲಿಲ್ಲ. ಆಗ ಊರಲ್ಲಿದ್ದ ಸುಮಾರು 320 ಲಾಂಡ್ರಿಗಳಲ್ಲಿ 310 ಮರದ ಕಟ್ಟಡದಲ್ಲಿದ್ದವು, 240 ಚೀನೀಯರವಾಗಿದ್ದವು. ಇಕ್ ವೋ ಎಂಬ ಲಾಂಡ್ರಿ ಅದೇ ಕಟ್ಟಡದಲ್ಲಿ 22 ವರ್ಷದಿಂದ ನಡೆದಿತ್ತು. ಒಲೆ, ಕೊಳವೆ, ಇಸ್ತ್ರಿ ಕಾಯಿಸುವ ವ್ಯವಸ್ಥೆ ಎಲ್ಲ ಸುರಕ್ಷಿತವಾಗಿದೆ ಎಂದು ಅಗ್ನಿ ತಪಾಸಣೆಯವರು 1884ರಲ್ಲಿ ಬರೆದುಕೊಟ್ಟಿದ್ದರು. ಅದರ ಮಾಲೀಕ ಒಪ್ಪಿಗೆ ಕೇಳಿದ, ಮಂಡಳಿ ಒಪ್ಪಲಿಲ್ಲ. ಅವನಂತೆಯೇ ಕೇಳಿದ ಸುಮಾರು 200 ಚೀನೀಯರಿಗೂ ಒಪ್ಪಿಗೆ ಸಿಗಲಿಲ್ಲ. ಚೀನೀಯರಲ್ಲದ ಸುಮಾರು 80 ಜನ ಕೇಳಿದಾಗ ಒಬ್ಬರನ್ನುಳಿದು ಎಲ್ಲರಿಗೂ ಸಿಕ್ಕಿತು. ಒಪ್ಪಿಗೆಯಿಲ್ಲದೆ ಅಂಗಡಿ ನಡೆಸಿದ್ದಕ್ಕೆ ಇಕ್ ವೋ ಮಾಲೀಕನಿಗೆ 10 ಡಾಲರ್ ದಂಡ, ಕಟ್ಟದಿದ್ದರೆ ಡಾಲರಿಗೊಂದು ದಿನ ಜೈಲು. 1886ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಹೊಡೆದುಹಾಕಿತು. ಬರಹದಲ್ಲಿ ನಿಷ್ಪಕ್ಷಪಾತವಾಗಿರುವ ಕಾನೂನೂ ಜಾರಿ ಮಾಡುವವರ ಪಕ್ಷಪಾತದಿಂದ ಅನ್ಯಾಯವಾಗುತ್ತದೆ ಎಂಬುದು ತೀರ್ಪಿನ ಸಾರ. ಭಾರತದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 1952ರ ಅನ್ವರ್ ಅಲಿ ಸರ್ಕಾರ್ ಪ್ರಕರಣದಲ್ಲಿ ಸಮಾನತೆಯ ಹಕ್ಕು ಕೊಡುವ ನಮ್ಮ ಸಂವಿಧಾನದ 14ನೇ ವಿಧಿಯನ್ನು ಅರ್ಥೈಸುವಾಗ ಚರ್ಚಿಸಿದ್ದು ಇದೇ ಲಾಂಡ್ರಿಯ ತೀರ್ಪನ್ನು.

ಆ ಮಂಡಳಿಯವರೂ ಅರ್ಜಿಗಳನ್ನು ಒಂದೊಂದಾಗಿಯೇ ತೀರ್ಮಾನಿಸಿದ್ದರು ಎಂಬುದನ್ನು ಗಮನಿಸಬೇಕು. ಯಾವ ಒಂದು ಕಡತವನ್ನು ಬಿಚ್ಚಿದರೂ ಅನ್ಯಾಯ ಕಾಣುತ್ತಿರಲಿಲ್ಲ. ಎಲ್ಲವನ್ನೂ ಸಾಲಾಗಿ ಇಟ್ಟಾಗ ಕಂಡಿತು.

ಹಳೆಯ ಕಾಲದ ಮಾತು ಅನ್ನುವವರು ಶಿಕಾಗೋ ನೋಡಬಹುದು. ತನ್ನ ವಾರ್ಡಿನ ಪರವಾನಗಿ, ವಲಯ ಬದಲಾವಣೆಗಳಲ್ಲಿ ವಾರ್ಡ್ ಸದಸ್ಯನ ಮಾತೇ ಕೊನೆ ಎಂಬ ಸಂಪ್ರದಾಯ ಅಲ್ಲಿ ಬೇರು ಬಿಟ್ಟಿದೆ. ವಾರ್ಡಿನ ಕಷ್ಟಸುಖ ಬಲ್ಲವನು ಅವನೇ ತಾನೆ ಎಂಬುದು ಸಮರ್ಥನೆ. 54 ವರ್ಷ ಕೌನ್ಸಿಲಿನಲ್ಲಿದ್ದ ಎಡ್ವರ್ಡ್ ಬರ್ಕ್ ಅವರ ವಾರ್ಡಿನಲ್ಲಿ ಒಂದು ಬರ್ಗರ್ ಕಿಂಗ್ ಮಳಿಗೆಯ ನವೀಕರಣ ನಡೆದಿತ್ತು. ಮಳಿಗೆಯವರ ಆಸ್ತಿ ತೆರಿಗೆಯ ಕೆಲಸ ತಮ್ಮ ವಕೀಲಿ ಕಚೇರಿಗೆ ಬರಲಿ ಎಂದು ಬರ್ಕ್ ಪರವಾನಗಿಗೆ ಅಡ್ಡಗಾಲು ಹಾಕಿದ್ದು, ಇನ್ನೂ ಕೆಲವು ಆರೋಪಗಳ ಜೊತೆ, 2023ರ ಡಿಸೆಂಬರಿನಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. 2024ರ ಜೂನ್‌ನಲ್ಲಿ ಎರಡು ವರ್ಷದ ಜೈಲು ಶಿಕ್ಷೆಯಾಯಿತು. ಲಂಚಕೋರ ಎಲ್ಲ ಕಡೆ ಇರುತ್ತಾನೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಕೊಡುವುದೂ ಬಿಡುವುದೂ ಒಬ್ಬನ ಮರ್ಜಿಯಾದಾಗ ಆ ಮರ್ಜಿಗೆ ಬೆಲೆ ಹುಟ್ಟಿಯೇ ಹುಟ್ಟುತ್ತದೆ.

ಹಾಗಾದರೆ ತೀರ್ಮಾನವನ್ನು ನೆರೆಹೊರೆಯವರಿಗೇ ಬಿಡೋಣವೇ? ಸಭೆಗೆ ಬರುವವರು ಯಾರು ಎಂದು ಮೊದಲು ಕೇಳಬೇಕು. ಬೋಸ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಐನ್‌ಸ್ಟೈನ್, ಡೇವಿಡ್ ಗ್ಲಿಕ್, ಮ್ಯಾಕ್ಸ್‌ವೆಲ್ ಪಾಮರ್ ಮ್ಯಾಸಚೂಸೆಟ್ಸ್ ರಾಜ್ಯದ ಊರುಗಳ ಇಂಥ ಸಭೆಗಳ ನಡಾವಳಿಗಳನ್ನು ಓದಿದರು. ಅವರು ನೋಡಿದ್ದು ಅಂಗಡಿಗಳನ್ನಲ್ಲ, ಹೊಸ ಮನೆಗಳ ಪ್ರಸ್ತಾವಗಳನ್ನು. ಆದರೆ ಸಭೆಯ ಸ್ವರೂಪ ಒಂದೇ. ಎದ್ದು ಮಾತಾಡುವವರಲ್ಲಿ ವಯಸ್ಸಾದವರು, ಗಂಡಸರು, ಸ್ವಂತ ಮನೆಯವರು, ಬಹುಕಾಲದ ನಿವಾಸಿಗಳು ಊರಿನ ಜನಸಂಖ್ಯೆಯಲ್ಲಿರುವ ಪ್ರಮಾಣಕ್ಕಿಂತ ಹೆಚ್ಚಿದ್ದರು, ಮತ್ತು ಬಹುಪಾಲು ವಿರೋಧಿಸಲೆಂದೇ ಬಂದಿದ್ದರು. ಬಾಡಿಗೆ ಮನೆಯವಳು, ರಾತ್ರಿ ಪಾಳಿಯವನು, ಬೇಕರಿ ಬಂದರೆ ನಾಳೆ ಅಲ್ಲಿ ಕೆಲಸ ಸಿಗಬಹುದಾದ ಹುಡುಗ ಆ ಸಭೆಯಲ್ಲಿರುವುದಿಲ್ಲ. ಬಂದವರ ಚಪ್ಪಾಳೆಯನ್ನು ಊರಿನ ಅಭಿಪ್ರಾಯ ಎಂದು ಬರೆದುಕೊಳ್ಳುವುದು ಲೆಕ್ಕದ ತಪ್ಪು.

ಇದಕ್ಕೆ ಗಟ್ಟಿಯಾದ ಪ್ರತಿವಾದವೂ ಇದೆ. ನಿಯಮವೇ ಕೆಟ್ಟದಾಗಿದ್ದರೆ? ನಿಯಮ ಕೆಟ್ಟದಾಗಿರಬಹುದು ಎಂಬುದೂ ನಿಜವೇ. ವಲಯ ನಿಯಮಗಳಿಗೆ ಸಾಂವಿಧಾನಿಕ ಮುದ್ರೆ ಒತ್ತಿದ ಅಮೆರಿಕದ ಸುಪ್ರೀಂ ಕೋರ್ಟಿನ 1926ರ ಯೂಕ್ಲಿಡ್ ತೀರ್ಪು ಮನೆಗಳ ನಡುವಿನ ಅಪಾರ್ಟ್‌ಮೆಂಟನ್ನು ಪರಾವಲಂಬಿ ಎಂದೇ ಕಂಡಿತ್ತು. ಇಂಥ ಪೂರ್ವಗ್ರಹ ಹೊತ್ತ ನಿಯಮವನ್ನು ಕಣ್ಣುಮುಚ್ಚಿ ಜಾರಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಟ್ಟ ನಿಯಮಕ್ಕೆ ಮದ್ದು ವಿನಾಯಿತಿಯಲ್ಲ, ತಿದ್ದುಪಡಿ. ವಿನಾಯಿತಿ ಕೊಟ್ಟಷ್ಟೂ ನಿಯಮ ಬಾಳಿಕೆ ಬರುತ್ತದೆ. ಗಟ್ಟಿಯಾಗಿ ಕೂಗಬಲ್ಲವನಿಗೆ ಪರಿಹಾರ ಸಿಕ್ಕಿ ಅವನು ಸುಮ್ಮನಾಗುತ್ತಾನೆ, ಕೂಗಲಾರದವನು ನಿಯಮದಡಿಯಲ್ಲೇ ಉಳಿಯುತ್ತಾನೆ. ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು ಈ ಪಾಠ ತಡವಾಗಿ ಕಲಿತರು. 2020ರ ನವೆಂಬರಿನಲ್ಲಿ ಅವರು ಒಪ್ಪಿದ ಎಚ್ ಪ್ರಸ್ತಾವ ಸಣ್ಣ ವ್ಯಾಪಾರಗಳಿಗೆ ವಾಣಿಜ್ಯ ಬೀದಿಗಳಲ್ಲಿ ನೇರ ಅವಕಾಶವನ್ನು ವಿಸ್ತರಿಸಿತು, ಪರವಾನಗಿ ಪರಿಶೀಲನೆಗೆ 30 ದಿನದ ಗಡುವು ಹಾಕಿತು. ಅರ್ಹತೆಯಿದ್ದವನು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ.

ನಮ್ಮಲ್ಲಿಗೆ ಬರೋಣ. ಬೆಂಗಳೂರಿನ ಸದಾಶಿವನಗರದಲ್ಲಿ ಬಡಾವಣೆಯ ನಕ್ಷೆ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಸರ್ಕಾರದ ಆದೇಶದ ಮೇಲೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಖಾಸಗಿ ವೈದ್ಯಕೀಯ ಟ್ರಸ್ಟ್ ಒಂದಕ್ಕೆ ಆಸ್ಪತ್ರೆ ಕಟ್ಟಲು ಕೊಟ್ಟಿತು. ಉದ್ದೇಶ ಒಳ್ಳೆಯದೇ, ಆಸ್ಪತ್ರೆ ಬೇಡ ಅನ್ನುವವರು ಯಾರು? ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆಯನ್ನು ಒಪ್ಪಲಿಲ್ಲ. ಇಲ್ಲಿ ಗೆದ್ದದ್ದು ನೆರೆಹೊರೆಯವರೇ ಅಲ್ಲವೇ ಎಂದು ಯಾರಾದರೂ ನನ್ನ ವಾದಕ್ಕೆ ತಡೆ ಹಾಕಬಹುದು. ಹೌದು, ಆದರೆ ಅವರು ಗೆದ್ದದ್ದು ತಲೆ ಎಣಿಸಿ ಅಲ್ಲ. ಎಲ್ಲರಿಗೂ ಒಂದೇ ಆಗಿದ್ದ ನಕ್ಷೆಯ ಬಲದಿಂದ.

ಇದರ ತದ್ವಿರುದ್ಧ ತುದಿ ಅಕ್ರಮ-ಸಕ್ರಮ. ವಾಸದ ಕಟ್ಟಡದಲ್ಲಿ ಶೇ 50, ವಾಣಿಜ್ಯ ಕಟ್ಟಡದಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಕಟ್ಟಿಸಿಕೊಂಡು ಮನ್ನಿಸುವ ಯೋಜನೆ ಅದು. 2016ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನೂ ಬಡವರ ಮೇಲಿನ ಕರುಣೆ ಎಂದೇ ಬಿಂಬಿಸಲಾಗಿತ್ತು. ನಿಯಮದಂತೆ ಸುತ್ತ ಖಾಲಿ ಜಾಗ ಬಿಟ್ಟು, ಒಂದು ಮಹಡಿ ಕಡಿಮೆ ಕಟ್ಟಿ, ಬಾಡಿಗೆ ಕಳೆದುಕೊಂಡವನಿಗೆ ಆ ಕರುಣೆಯಲ್ಲಿ ಪಾಲಿರಲಿಲ್ಲ.

ಅಮೆರಿಕದ ಸಭೆಯ ಬಹಿರಂಗತೆ ನಮಗೂ ಬೇಕು, ಕಾರಣಗಳನ್ನು ಬರೆದಿಡುವ ಶಿಸ್ತೂ ಬೇಕು. ಅರ್ಜಿದಾರನ ಗುಣಗಾನವನ್ನು ಅಲ್ಲೇ ಬಿಟ್ಟುಬರೋಣ. ವಿನಾಯಿತಿಯ ಕಡತ ಮುಂದೆ ಬಂದಾಗ ಸದಸ್ಯರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ನಾಳೆ ಇಂಥದೇ ಜಾಗದಿಂದ, ಯಾರ ಪರಿಚಯವೂ ಇಲ್ಲದವನೊಬ್ಬ ಇದನ್ನೇ ಕೇಳಿಕೊಂಡು ಬಂದರೆ ಅವನಿಗೂ ಕೊಡುತ್ತೇವೆಯೇ? ಅಂಥವರು ಬಹಳ ಜನ ಇದ್ದಾರೆ, ಎಲ್ಲರಿಗೂ ಕೊಡಬಹುದು ಅನ್ನಿಸಿದರೆ ನಿಯಮವನ್ನೇ ತಿದ್ದಲಿ. ಕೊಡಲಾಗದು ಅನ್ನಿಸಿದರೆ ಮುಂದೆ ನಿಂತಿರುವ ಈ ಸಜ್ಜನನಿಗೂ ಇಲ್ಲ ಎನ್ನಲಿ.