ಹಿಂದಿನ ಸೀಟಿನವರು ತೂಕಡಿಸಲಿ

ಪುಣೆಯಲ್ಲಿ ಫೋರ್-ಬೈ-ಫೋರ್ ಗಾಡಿ ಕೊಂಡವರ ಬಾಯಲ್ಲಿ ಪದೇಪದೇ ಬರುವ ಮಾತೊಂದಿದೆ: ಈ ಸಲ ಮನೆಯವರೂ ಜೊತೆಗಿದ್ದರು, ಹಾಗಾಗಿ ಅಂಥದ್ದೇನೂ ಮಾಡಲಿಲ್ಲ. ಅಜ್ಜಿ, ಮಕ್ಕಳು, ಗೆಳೆಯರ ಸಂಸಾರ ಇದ್ದರೆ ಅದು ಬರೀ ಪಿಕ್‌ನಿಕ್, ಹುಡುಗರಷ್ಟೇ ಹೋದರೆ ಆಫ್‌ರೋಡಿಂಗ್ ಎಂಬುದು ಇವರ ಲೆಕ್ಕ. ನನಗೆ ಈ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಸಹ್ಯಾದ್ರಿಯ ಕಲ್ಲುದಾರಿಯಲ್ಲಿ ಒಬ್ಬ ಚಾಲಕನ ನಿಜವಾದ ಕೈಚಳಕ ಗೊತ್ತಾಗುವುದು ಹಿಂದಿನ ಸೀಟಿನಲ್ಲಿ ವಯಸ್ಸಾದವರು ಕೂತಾಗಲೇ. ಅವರು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರೆ ಚಾಲಕ ಇನ್ನೂ ಕಲಿಯುತ್ತಿದ್ದಾನೆ, ತೂಕಡಿಸುತ್ತಿದ್ದರೆ ಕಲಿತಿದ್ದಾನೆ.

ಇದು ಸಭ್ಯತೆಯ ಮಾತಲ್ಲ, ಯಂತ್ರದ ಮಾತು. ಫೋರ್-ಲೋ, ಅಂದರೆ ಇಂಥ ಗಾಡಿಯ ನಿಧಾನದ ಗೇರು, ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಚಕ್ರದ ವೇಗವನ್ನು ಜಿಮ್ನಿಯಲ್ಲಿ ಸುಮಾರು ಅರ್ಧಕ್ಕೆ, ಥಾರ್‌ನಲ್ಲಿ ಅದಕ್ಕೂ ಕೆಳಗೆ ಇಳಿಸಿ, ಕಳೆದುಕೊಂಡ ವೇಗವನ್ನು ತಿರುಚುಬಲವಾಗಿ ಹಿಂದಿರುಗಿಸುತ್ತದೆ. ಗಾಡಿಗೆ ತೆವಳುವ ಶಕ್ತಿ ಕೊಡಲೆಂದೇ ಇಂಜಿನಿಯರುಗಳು ಆ ಗೇರನ್ನು ಇಟ್ಟಿದ್ದಾರೆ. ವೇಗದಿಂದ ನುಗ್ಗಿದರೆ ಸ್ಪ್ರಿಂಗ್ ಪೂರ್ತಿ ಕುಗ್ಗಿ, ಕಂಪನಿ ಹೇಳಿದ, ಥಾರಿನ 226 ಅಥವಾ ಜಿಮ್ನಿಯ 210 ಮಿಲಿಮೀಟರಿನ ನೆಲದಂತರ ಕಾಗದದಲ್ಲೇ ಉಳಿಯುತ್ತದೆ, ಬಂಡೆ ಹೊಟ್ಟೆಗೆ ತಾಗುತ್ತದೆ. ನಿಧಾನಕ್ಕೆ ಹೋದರೆ ಒಂದೊಂದು ಚಕ್ರವನ್ನೂ ಬೇಕಾದ ಕಲ್ಲಿನ ಮೇಲೆಯೇ ಇಡಬಹುದು. ಇಳುಕಲಿನಲ್ಲೂ ಅಷ್ಟೇ: ಮೊದಲ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಂಡರೆ ಬ್ರೇಕಿಗೆ ಕೆಲಸ ಕಡಿಮೆ, ಒದ್ದೆ ಗರಸಿನ ಮೇಲೆ ಚಕ್ರ ಜಾರುವುದೂ ಕಡಿಮೆ. ಟೈರಿನ ಗಾಳಿ ಇಳಿಸುವುದರಲ್ಲೂ ಹದ ಬೇಕು. ಮರಳಿನಲ್ಲಿ ಧಾರಾಳವಾಗಿ ಇಳಿಸಬಹುದು. ಇಲ್ಲಿನ ಚೂಪು ಬಸಾಲ್ಟ್ ಮೇಲೆ ಅತಿಯಾಗಿ ಇಳಿಸಿದರೆ ಟೈರಿನ ಪಕ್ಕೆಯೇ ಹರಿಯುತ್ತದೆ. ಹೀಗೆ ಗಾಡಿ ಕೆಡದಂತೆ ಕಾಯುವ ಪ್ರತಿಯೊಂದು ಅಭ್ಯಾಸವೂ ಒಳಗಿನವರ ಸೊಂಟವನ್ನೂ ಕಾಯುತ್ತದೆ. ಕೊಡಗಿನ ಮಾಂದಲಪಟ್ಟಿಗೆ ಸಂಸಾರಗಳನ್ನು ಹತ್ತಿಸುವ ಬಾಡಿಗೆ ಜೀಪಿನ ಚಾಲಕರನ್ನು ನೋಡಿ. ಮಿರುಗುವ ದೀಪದ ಪಟ್ಟಿಯಾಗಲಿ ದುಬಾರಿ ಸಸ್ಪೆನ್ಷನ್ ಆಗಲಿ ಅವರಲ್ಲಿಲ್ಲ. ದಾರಿಯ ಯಾವ ಕೊರಕಲಿಗೆ ಯಾವ ಚಕ್ರ ಎಂಬ ತಿಳಿವಳಿಕೆಯೇ ಅವರ ಬಂಡವಾಳ.

ಇದಕ್ಕೆ ತಕರಾರಿದೆ, ಗೊತ್ತು. 2014ರಲ್ಲಿ ಗೋವಾದ ಮಳೆಗಾಲದಲ್ಲಿ ಶುರುವಾದ ರೇನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗಳಲ್ಲಿ ವಿಂಚ್ ಹಾಕಿ, ಎದೆಮಟ್ಟದ ಕೆಸರಿನಲ್ಲಿ ಹೋರಾಡುವವರದ್ದು ಕಲೆಯಲ್ಲವೇ? ಖಂಡಿತ ಕಲೆಯೇ. ಆದರೆ ಅಲ್ಲಿ ಗೊತ್ತುಮಾಡಿದ ಅಂಕಣವಿದೆ, ತೀರ್ಪುಗಾರರಿದ್ದಾರೆ, ಗಾಡಿಯ ಸುತ್ತ ಉಕ್ಕಿನ ಪಂಜರವಿದೆ. ಪುಣೆ ಬಳಿಯ ವೆಲ್ಹೆಯಿಂದ ಕೇಳದ್ ಹಳ್ಳಿ, ಮಢೆ ಘಾಟ್ ಕಡೆಗೆ ಹೊರಟ ಮೂರು ಗಾಡಿಗಳ ಬಳಗಕ್ಕೆ ಇದ್ಯಾವುದೂ ಇಲ್ಲ. ಸ್ಪರ್ಧೆಯ ಗತ್ತನ್ನಷ್ಟೇ ಅಲ್ಲಿಂದ ಎರವಲು ತಂದರೆ ಅಪಾಯ ಮಾತ್ರ ಜೊತೆಗೆ ಬರುತ್ತದೆ. ಬಳಗಕ್ಕೆ ಬೇಕಾದ ಶಿಸ್ತೇ ಬೇರೆ. ಏರಿನಲ್ಲಿ ಒಂದು ಗಾಡಿ ಪೂರ್ತಿ ಮೇಲೆ ತಲುಪುವವರೆಗೆ ಇನ್ನೊಂದು ಕದಲಬಾರದು. ಮುಂದಿನವನು ಕನ್ನಡಿಯಲ್ಲಿ ಹಿಂದಿನವನನ್ನು ಕಳೆದುಕೊಳ್ಳಬಾರದು. ಕ್ಯಾರಿಯರ್ ಮೇಲೆ ಚೀಲ ಪೇರಿಸಿದಷ್ಟೂ ತೂಕದ ಕೇಂದ್ರ ಮೇಲೇರಿ, ಓರೆ ಇಳಿಜಾರಿನಲ್ಲಿ ಗಾಡಿ ಮಗುಚುವ ಸಾಧ್ಯತೆ ಹೆಚ್ಚುತ್ತದೆ. ಭಾರದ ಸಾಮಾನು ಒಳಗೆ, ಕೆಳಗೆ ಇರಲಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಗಂಡಾಂತರ ಪ್ರಪಾತವಲ್ಲ, ಹೂತ ಗಾಡಿಯನ್ನು ಎಳೆಯುವ ಹಗ್ಗ. ಬಿಗಿದ ಹಗ್ಗವೋ ಅದರ ಕಬ್ಬಿಣದ ಕೊಂಡಿಯೋ ಕಿತ್ತುಬಂದರೆ ಎದುರಿದ್ದವರನ್ನು ಕೊಲ್ಲಬಲ್ಲದು. ನಮ್ಮಲ್ಲಿ ಮಕ್ಕಳು ಮೊಬೈಲ್ ಹಿಡಿದು ನಿಲ್ಲುವುದು ಸರಿಯಾಗಿ ಆ ಹಗ್ಗದ ಪಕ್ಕದಲ್ಲೇ.

ಇನ್ನು ನೀರು. ಥಾರ್ 650 ಮಿಲಿಮೀಟರ್ ನೀರು ದಾಟಬಲ್ಲದು ಎಂಬ ಅಂಕಿಯನ್ನು ಹರಿಯುವ ಹಳ್ಳಕ್ಕೆ ಅನ್ವಯಿಸುವಂತಿಲ್ಲ. ಪುಣೆ ಬಳಿಯ ತಾಮ್ಹಿಣಿ ಘಟ್ಟದ ಸುತ್ತ ವರ್ಷದ ಮಳೆ ಆರು ಸಾವಿರ ಮಿಲಿಮೀಟರ್ ದಾಟುವುದುಂಟು. ಮೇಲೆಲ್ಲೋ ಸುರಿದದ್ದು ಕೆಳಗೆ ನಿಮಿಷಗಳಲ್ಲಿ ಬರುತ್ತದೆ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿ ಪುಣೆಯ ಕುಟುಂಬವೊಂದರ ಐವರು ಕೊಚ್ಚಿಹೋದರು. ಅವರು ಗಾಡಿಯಲ್ಲಿರಲಿಲ್ಲ ನಿಜ, ಆದರೆ ನೀರು ಏರಿದ ಬಗೆ ಗಾಡಿಯವರಿಗೂ ಪಾಠವೇ. ಮಳೆಗಾಲದಲ್ಲಿ ಸಂಸಾರ ಕೂರಿಸಿಕೊಂಡು ಹಳ್ಳಕ್ಕಿಳಿಯುವುದನ್ನು ನಾನು ಯಾವ ನೆಪದಲ್ಲೂ ಒಪ್ಪಲಾರೆ.

ಗಟ್ಟಿಯಾದ ಆಕ್ಷೇಪ ಬರುವುದು ಪರಿಸರದ ಕಡೆಯಿಂದ. ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು; ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ ಅದರಲ್ಲೊಂದು. ಮರಾಠಿಗರು ಸಡಾ ಎನ್ನುವ ಈ ಬೋಳು ಜಂಬಿಟ್ಟಿಗೆಯ ಹಾಸಿನ ಮೇಲೆ ಮಣ್ಣು ಬಲು ತೆಳು, ಅದರಲ್ಲೇ ಕೀಟಾಹಾರಿ ಸಸ್ಯಗಳೂ ಪುಟ್ಟ ಹೂಗಳೂ ಬದುಕುತ್ತವೆ. ಬೇಸಗೆಯಲ್ಲಿ ಅದು ಬರೀ ಬಯಲಿನಂತೆ ಕಾಣುವುದರಿಂದ ಗಾಡಿ ಓಡಿಸುವವರಿಗೆ ತಪ್ಪೇ ಅನ್ನಿಸುವುದಿಲ್ಲ. ಅಂಥವರ ಪರವಾಗಿ ವಕಾಲತ್ತು ನನ್ನಿಂದಾಗದು. ಆದರೆ ಟ್ರ್ಯಾಕ್ಟರ್, ಹಾಲಿನ ಟೆಂಪೊ ದಿನವೂ ಓಡಾಡುವ ಹಳ್ಳಿಯ ಕಚ್ಚಾ ರಸ್ತೆಯ ಮಾತೇ ಬೇರೆ. ಅಲ್ಲಿ ಹಳೆಯ ಜಾಡು ಬಿಡದೆ ತೆವಳುವ ಗಾಡಿಯಿಂದ ಆಗುವ ಹಾನಿ ಅಲ್ಪ. ಚಕ್ರ ಗಿರಗಿರ ತಿರುಗಿಸಿ ಮಣ್ಣು ಕೀಳುವವನಿಂದಲೇ ಕೊರಕಲು ಬೀಳುವುದು. ಹೊಸ ಜಾಡು ಮೂಡಿಸುವ ಚಪಲಕ್ಕೂ ಸಂಸಾರದ ಪ್ರವಾಸ ತಾನಾಗಿಯೇ ಕಡಿವಾಣ ಹಾಕುತ್ತದೆ, ಏಕೆಂದರೆ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಎಲ್ಲಿಗಾದರೂ ತಲುಪಲೇಬೇಕು.

ಪುಣೆ ಚಾರಣಿಗರ ಊರು. ಕಾಲಿದ್ದವರಿಗೆ ಗಾಡಿಯೇಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. 1403 ಮೀಟರ್ ಎತ್ತರದ ತೋರಣಾ ಕೋಟೆಯನ್ನು ನಡೆದೇ ಹತ್ತಬೇಕು, ಅದರಲ್ಲಿ ವಾದವಿಲ್ಲ. ಮೊಣಕಾಲು ನೋವಿನ ಎಪ್ಪತ್ತರ ಹಿರಿಯರಿಗೆ ಘಟ್ಟದ ಅಂಚಿನಿಂದ ಕೊಂಕಣವನ್ನು ತೋರಿಸುವುದಕ್ಕೆ ಮಾತ್ರ ಚಾರಣಿಗರಲ್ಲಿ ಉತ್ತರವಿಲ್ಲ. ಅಪಾಯಕ್ಕೆ ಅವರನ್ನೇಕೆ ಒಡ್ಡುತ್ತೀರಿ ಎಂದರೆ, ಕಷ್ಟದ ಇಪ್ಪತ್ತು ಅಡಿ ಎದುರಾದಾಗ ಚಾಲಕನ ಹೊರತು ಎಲ್ಲರೂ ಇಳಿದು ಮೆಲ್ಲಗೆ ನಡೆಯುವುದು, ಅಷ್ಟೂ ಆಗದವರು ಜೊತೆಗಿದ್ದರೆ ಗಾಡಿಯನ್ನು ಅಲ್ಲಿಂದಲೇ ಹಿಂದಿರುಗಿಸುವುದು ಈ ಹವ್ಯಾಸದ ಹಳೆಯ ಕಟ್ಟಳೆ. ದಸರೆ ಕಳೆದು ನೆಲ ಗಟ್ಟಿಯಾದ ಮೇಲೆ ಹೊರಡುವುದು ಒಳ್ಳೆಯದು. ಸಂಕ್ರಾಂತಿ ದಾಟಿದರೆ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಕಾದ ಸೈಲೆನ್ಸರಿಗೆ ಗುಡ್ಡ ಹೊತ್ತಿಸಲು ಒಂದು ಗಂಟೆಯ ಊಟದ ವಿರಾಮ ಸಾಕು.