ಡಾಕಿನ್ಸರ ಉತ್ತರ, ಡಾರ್ವಿನ್ನರ ಪ್ರಶ್ನೆ

ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ 'ದಿ ಗಾಡ್ ಡೆಲ್ಯೂಷನ್' ಎಂಬ ಕೃತಿ 2006ರಲ್ಲಿ ಪ್ರಕಟವಾಯಿತು. ದೇವರೆಂಬುದು ಒಂದು ಭ್ರಮೆ ಎಂಬುದು ಶೀರ್ಷಿಕೆಯ ಅರ್ಥ. ಕೃತಿಯ ಸಾರವೂ ಅದೇ. ಹಲವು ಭಾಷೆಗಳಿಗೆ ಅನುವಾದಗೊಂಡು ಲಕ್ಷಾಂತರ ಓದುಗರನ್ನು ತಲುಪಿದ ಈ ಪುಸ್ತಕಕ್ಕೆ ಕ್ರೈಸ್ತ ವಲಯದಿಂದ ಖಂಡನೆಗಳು ಸಾಕಷ್ಟು ಬಂದಿವೆ. ಓದದೆಯೇ ಖಂಡಿಸಿದವರೂ ಇಲ್ಲದಿಲ್ಲ. ಜೀವಶಾಸ್ತ್ರವನ್ನು ಅಭ್ಯಸಿಸುವ ನಮ್ಮ ಯುವಜನರಿಗೆ ಈ ಕೃತಿಯಲ್ಲದಿದ್ದರೂ ಇದರ ವಾದಗಳು ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತವೆ. ಆದುದರಿಂದ ಅದರ ಬಲವೆಲ್ಲಿ, ದೌರ್ಬಲ್ಯವೆಲ್ಲಿ ಎಂಬುದನ್ನು ಸಮಚಿತ್ತದಿಂದ ಪರಿಶೀಲಿಸುವುದು ಉಚಿತ.

ಮೊದಲು ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸೋಣ. 1976ರ 'ದಿ ಸೆಲ್ಫಿಷ್ ಜೀನ್', 1986ರ 'ದಿ ಬ್ಲೈಂಡ್ ವಾಚ್‌ಮೇಕರ್' ಕೃತಿಗಳ ಮೂಲಕ ವಿಕಾಸವಾದವನ್ನು ಸಾಮಾನ್ಯ ಓದುಗರಿಗೆ ಡಾಕಿನ್ಸರಷ್ಟು ಸ್ಪಷ್ಟವಾಗಿ ತಿಳಿಸಿಕೊಟ್ಟವರು ವಿರಳ. ಆಂಗ್ಲಿಕನ್ ಧರ್ಮಗುರು ವಿಲಿಯಂ ಪೇಲಿ 1802ರಲ್ಲಿ ಒಂದು ವಾದವನ್ನು ಮಂಡಿಸಿದ್ದರು: ಬಯಲಿನಲ್ಲಿ ಬಿದ್ದಿರುವ ಗಡಿಯಾರವನ್ನು ಕಂಡವನು ಅದನ್ನು ಮಾಡಿದವನೊಬ್ಬನಿದ್ದಾನೆಂದು ಊಹಿಸುವಂತೆ, ಕಣ್ಣಿನಂತಹ ಅಂಗವನ್ನು ಕಂಡವನು ಸೃಷ್ಟಿಕರ್ತನನ್ನು ಊಹಿಸಲೇಬೇಕು. ಸಣ್ಣ ಸಣ್ಣ ವ್ಯತ್ಯಾಸಗಳು ತಲೆಮಾರುಗಳುದ್ದಕ್ಕೂ ಉಳಿದು ಕೂಡಿಕೊಂಡಾಗ ಕುಶಲಕರ್ಮಿಯ ಕೈವಾಡವಿಲ್ಲದೆಯೂ ಅಂತಹ ಅಂಗ ರೂಪುಗೊಳ್ಳಬಲ್ಲದೆಂದು ಡಾರ್ವಿನ್ 1859ರಲ್ಲಿ ತೋರಿಸಿದರು. ಪೇಲಿಯವರ ಗಡಿಯಾರ ಅಂದೇ ನಿಂತುಹೋಯಿತು. ಇದನ್ನು ಒಪ್ಪಿಕೊಳ್ಳಲು ವಿಶ್ವಾಸಿಗೆ ಅಂಜಿಕೆ ಬೇಕಿಲ್ಲ. ಜೀವವಿಕಾಸದ ಸಿದ್ಧಾಂತವು ಕೇವಲ ಊಹೆಯಾಗಿ ಉಳಿದಿಲ್ಲವೆಂದು ಜಗದ್ಗುರು ದ್ವಿತೀಯ ಜಾನ್ ಪಾಲರು 1996ರಲ್ಲಿಯೇ ಧರ್ಮಪೀಠದ ವಿಜ್ಞಾನ ಅಕಾಡೆಮಿಗೆ ಕಳುಹಿಸಿದ ಸಂದೇಶದಲ್ಲಿ ತಿಳಿಸಿದ್ದರು.

ಆದರೆ ಡಾಕಿನ್ಸರು ಇಲ್ಲಿಗೆ ನಿಲ್ಲುವುದಿಲ್ಲ. ಗುಜರಿ ಅಂಗಳದ ಮೇಲೆ ಬೀಸಿದ ಸುಂಟರಗಾಳಿಯು ಬೋಯಿಂಗ್ 747 ವಿಮಾನವನ್ನು ಜೋಡಿಸುವುದೆಷ್ಟು ಅಸಂಭವವೋ ಜೀವವು ಆಕಸ್ಮಿಕವಾಗಿ ಹುಟ್ಟುವುದೂ ಅಷ್ಟೇ ಅಸಂಭವವೆಂದು ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಹೇಳಿದ್ದರು. ಡಾಕಿನ್ಸರು ಈ ಉಪಮೆಯನ್ನು ತಿರುಗಿಸುತ್ತಾರೆ. ಸಂಕೀರ್ಣವಾದ ಜಗತ್ತನ್ನು ರೂಪಿಸಿದ ದೇವರು ಜಗತ್ತಿಗಿಂತಲೂ ಸಂಕೀರ್ಣನಾಗಿರಬೇಕು. ಆದುದರಿಂದ ಅವನ ಅಸ್ತಿತ್ವ ಇನ್ನಷ್ಟು ಅಸಂಭವ ಎನ್ನುತ್ತಾರೆ. ಕೃತಿಯ ಕೇಂದ್ರವಾದ ಇದು ಚತುರ ವಾದವೇ ಹೌದು. ಆದರೆ ಇಲ್ಲಿ ದೇವರು ವಿಶ್ವದೊಳಗಿನ ಒಂದು ಬೃಹತ್ ಯಂತ್ರದಂತೆ, ಅನೇಕ ವಸ್ತುಗಳಲ್ಲಿ ಮತ್ತೊಂದು ವಸ್ತುವಿನಂತೆ ಕಲ್ಪಿತನಾಗಿದ್ದಾನೆ. ದೇವರು ಭಾಗಗಳಿಂದ ಜೋಡಣೆಯಾದವನಲ್ಲ, ಇರುವುದೆಲ್ಲದರ ಇರುವಿಕೆಗೆ ಅವನೇ ಆಧಾರ ಎಂಬುದು ಸಂತ ತೋಮಸ್ ಅಕ್ವಿನಾಸರ ಮೂಲಭೂತ ಬೋಧನೆ. ಆ ಮಹಾನ್ ಚಿಂತಕರ ಐದು ವಾದಗಳನ್ನು ಡಾಕಿನ್ಸರು ಕೆಲವೇ ಪುಟಗಳಲ್ಲಿ ಮುಗಿಸುತ್ತಾರೆ. ಎದುರಾಳಿಯ ದೃಢವಾದ ಮಾತನ್ನು ಕೇಳಿಸಿಕೊಳ್ಳದೆ ಗೆದ್ದೆನೆನ್ನುವುದು ವಿಜ್ಞಾನಿಗೂ ಭೂಷಣವಲ್ಲ.

ಇಷ್ಟನ್ನು ಹೇಳಿ ನಾವು ನೆಮ್ಮದಿಯಿಂದ ಪುಸ್ತಕ ಮುಚ್ಚಬಹುದೇ? ವಿಶ್ವಾಸಿಗಳು ಸಾಮಾನ್ಯವಾಗಿ ನೀಡುವ ಉತ್ತರಗಳನ್ನೂ ಒರೆಗೆ ಹಚ್ಚಬೇಕಾಗಿದೆ. ಅಮೆರಿಕದ ಜೀವಾಶ್ಮ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1999ರ ತಮ್ಮ ಕೃತಿಯಲ್ಲಿ, ವಿಜ್ಞಾನಕ್ಕೆ ವಾಸ್ತವಗಳ ಕ್ಷೇತ್ರ, ಧರ್ಮಕ್ಕೆ ಮೌಲ್ಯಗಳ ಕ್ಷೇತ್ರ, ಎರಡೂ ಪರಸ್ಪರ ಅತಿಕ್ರಮಿಸುವುದಿಲ್ಲ ಎಂದು ಸಂಧಾನ ಸೂಚಿಸಿದರು. ನಮ್ಮಲ್ಲನೇಕರಿಗೆ ಇದು ಪ್ರಿಯವಾದ ಮಾತು. ಡಾಕಿನ್ಸರು ಇದನ್ನು ಒಪ್ಪುವುದಿಲ್ಲ. ದೇವರಿರುವ ಜಗತ್ತು ದೇವರಿಲ್ಲದ ಜಗತ್ತಿಗಿಂತ ವಾಸ್ತವದಲ್ಲಿಯೇ ಭಿನ್ನವಾಗಿರಬೇಕು ಎನ್ನುತ್ತಾರೆ. ಈ ವಿಷಯದಲ್ಲಿ ಅವರದೇ ಸರಿ. ಪ್ರಭು ಯೇಸು ಪುನರುತ್ಥಾನ ಹೊಂದಿದರೆಂದು ಸಾರುವ ಧರ್ಮವು ತನಗೆ ವಾಸ್ತವಗಳ ಗೊಡವೆ ಬೇಡವೆನ್ನಲಾಗದು.

ವಿಶ್ವಾಸಿಗಳಾಗಿದ್ದ ವಿಜ್ಞಾನಿಗಳ ಪಟ್ಟಿಯನ್ನು ಮುಂದಿಡುವುದು ಮತ್ತೊಂದು ಉತ್ತರ. ತಳಿವಿಜ್ಞಾನಿ ಥಿಯೋಡೋಸಿಯಸ್ ಡಾಬ್ಜಾನ್‌ಸ್ಕಿ, ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್, ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಮುಂತಾದವರು ಆ ಪಟ್ಟಿಯಲ್ಲಿದ್ದಾರೆ. ಒಂದು ಕಾಲಕ್ಕೆ ನಾಸ್ತಿಕರಾಗಿದ್ದ ಕಾಲಿನ್ಸರು ತಮ್ಮ ವಿಶ್ವಾಸವನ್ನು ಸಮರ್ಥಿಸಿದ ಕೃತಿಯೂ 2006ರಲ್ಲೇ ಹೊರಬಂದಿತು. ವಿಕಾಸವಾದವನ್ನು ಒಪ್ಪಿದವರೆಲ್ಲ ನಾಸ್ತಿಕರಾಗಲೇಬೇಕಿಲ್ಲ ಎಂಬುದಕ್ಕೆ ಈ ಹೆಸರುಗಳು ಸಾಕ್ಷಿ. ಆದರೆ ಲೆಕ್ಕವನ್ನೇ ಹಿಡಿದು ಕುಳಿತರೆ ಅದು ನಮಗೆ ಅನುಕೂಲವಾಗಿಲ್ಲ. 1998ರಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪ್ರತಿಕ್ರಿಯಿಸಿದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರ ಪೈಕಿ ದೇವರಲ್ಲಿ ವಿಶ್ವಾಸವಿದೆಯೆಂದವರು ಸುಮಾರು ಶೇ. 7, ಜೀವವಿಜ್ಞಾನಿಗಳಲ್ಲಂತೂ ಕೇವಲ ಶೇ. 5.5. ಭೌತವಿಜ್ಞಾನಿಗಳಿಗಿಂತಲೂ ಜೀವವಿಜ್ಞಾನಿಗಳಲ್ಲಿ ವಿಶ್ವಾಸವಿದೆಯೆಂದವರು ಕಡಿಮೆಯೇಕೆ? ನಕ್ಷತ್ರಗಳನ್ನು ನೋಡುವವರಿಗಿಂತ ಜೀವಿಗಳನ್ನು ನೋಡುವವರಿಗೆ ದೇವರು ಹೆಚ್ಚು ದೂರವೆನಿಸುವುದಾದರೆ, ಅವರು ನೋಡುತ್ತಿರುವುದೇನೆಂಬುದನ್ನು ನಾವೂ ನೋಡಬೇಕು.

ಇದಕ್ಕಾಗಿ ನಾವು ಡಾಕಿನ್ಸರನ್ನು ಬಿಟ್ಟು ಡಾರ್ವಿನ್ನರತ್ತ ತಿರುಗಬೇಕಾಗುತ್ತದೆ. ತಾರುಣ್ಯದಲ್ಲಿ ಧರ್ಮಗುರುವಾಗಲೆಂದು ಕೇಂಬ್ರಿಜ್ಜಿಗೆ ಹೋದ ಡಾರ್ವಿನ್ ಅಲ್ಲಿ ಪೇಲಿಯವರ ಬರಹಗಳನ್ನು ಮೆಚ್ಚಿ ಓದಿದ್ದರು. 1851ರ ಏಪ್ರಿಲ್‌ನಲ್ಲಿ ಅವರ ಹತ್ತು ವರ್ಷದ ಮಗಳು ಆ್ಯನಿ ಕಾಯಿಲೆಯಿಂದ ನರಳಿ ತೀರಿಕೊಂಡಳು. ಆ ಸಾವೊಂದೇ ಅವರ ವಿಶ್ವಾಸವನ್ನು ಕಸಿಯಿತೆಂದು ಹೇಳಲಾಗದು. ಅದು ಅದಕ್ಕೂ ಮೊದಲೇ ಸಡಿಲಗೊಂಡಿತ್ತು. 1860ರಲ್ಲಿ ತಮ್ಮ ಮಿತ್ರ, ಕ್ರೈಸ್ತ ವಿಶ್ವಾಸಿಯಾದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಬರೆದ ಪತ್ರದಲ್ಲಿ ಅವರು ತಮ್ಮ ಸಂಕಟವನ್ನು ತೋಡಿಕೊಂಡರು. ಇಕ್ನ್ಯೂಮಾನ್ ಜಾತಿಯ ಕಣಜದ ಹುಳುವಿನ ಮರಿಗಳು ಜೀವಂತ ಕಂಬಳಿಹುಳುವಿನ ದೇಹವನ್ನು ಒಳಗಿನಿಂದಲೇ ತಿಂದು ಬೆಳೆಯುತ್ತವೆ. ಕರುಣಾಳುವಾದ, ಸರ್ವಶಕ್ತನಾದ ದೇವರು ಇದನ್ನು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ತಮ್ಮ ಮನಸ್ಸನ್ನು ಒಪ್ಪಿಸಲಾಗುತ್ತಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಆದರೂ ಇಡೀ ವಿಶ್ವವು ಬರಿಯ ಕುರುಡುತನದ ಫಲವೆನ್ನಲೂ ಅವರಿಗೆ ಮನಸ್ಸಿರಲಿಲ್ಲ. ತಾವು ದೇವರ ಅಸ್ತಿತ್ವವನ್ನು ಅಲ್ಲಗಳೆಯುವ ನಾಸ್ತಿಕರಾಗಿ ಎಂದೂ ಇರಲಿಲ್ಲವೆಂದು 1879ರ ಪತ್ರವೊಂದರಲ್ಲಿ ಅವರು ಸ್ಪಷ್ಟಪಡಿಸಿದ್ದಾರೆ.

ಹೀಗೆ ಡಾರ್ವಿನ್ನರ ನಿಜವಾದ ಪ್ರಶ್ನೆ ದೇವರಿದ್ದಾನೆಯೇ ಎಂಬುದಕ್ಕಿಂತ ದೇವರು ಒಳ್ಳೆಯವನೇ ಎಂಬುದಾಗಿತ್ತು. ಆಶ್ಚರ್ಯವೆಂದರೆ 'ದಿ ಗಾಡ್ ಡೆಲ್ಯೂಷನ್' ಕೃತಿಯಲ್ಲಿ ಈ ಪ್ರಶ್ನೆಗೆ ಸಿಕ್ಕಿರುವ ಸ್ಥಳ ಅತ್ಯಲ್ಪ. ಕೇಡಿನ ಸಮಸ್ಯೆಯು ಒಳ್ಳೆಯ ದೇವರ ವಿರುದ್ಧ ಮಾತ್ರ ಸಲ್ಲುವ ವಾದ, ಒಳ್ಳೆಯತನವು ತಾವು ಪರೀಕ್ಷಿಸುತ್ತಿರುವ ದೇವರ ಕಲ್ಪನೆಯ ಅಗತ್ಯ ಭಾಗವಲ್ಲ ಎಂದು ಡಾಕಿನ್ಸರು ಅದನ್ನು ಬದಿಗೆ ಸರಿಸುತ್ತಾರೆ. ಆದರೆ ಒಳ್ಳೆಯವನಲ್ಲದ ದೇವರನ್ನು ಯಾವ ಕ್ರೈಸ್ತನೂ ಆರಾಧಿಸುವುದಿಲ್ಲ. ಕೃತಿಯ ದೊಡ್ಡ ಕೊರತೆ ಇದೇ: ವಿಶ್ವಾಸವನ್ನು ನಿಜವಾಗಿ ಅಲುಗಾಡಿಸಬಲ್ಲ ಅಸ್ತ್ರವನ್ನು ಕೈಯಲ್ಲಿಟ್ಟುಕೊಂಡೂ ಲೇಖಕರು ಅದನ್ನು ಬಳಸದೆ ಹೋಗಿದ್ದಾರೆ.

ನಮ್ಮ ಬಳಿ ಇದಕ್ಕೆ ಉತ್ತರವಿದೆಯೇ? ಮಾನವನ ಪಾಪದಿಂದ ಮರಣವು ಲೋಕವನ್ನು ಪ್ರವೇಶಿಸಿತೆಂಬ ಬೋಧನೆಯನ್ನು ಪ್ರಾಣಿಗಳ ನೋವಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಮಾನವನು ಕಾಣಿಸಿಕೊಳ್ಳುವುದಕ್ಕೆ ಕೋಟ್ಯಂತರ ವರ್ಷಗಳ ಹಿಂದೆಯೇ ಡೈನೋಸಾರ್‌ಗಳು ಹುಟ್ಟಿ ಅಳಿದವು. ಅವುಗಳ ಮೂಳೆಗಳಲ್ಲಿಯೂ ರೋಗದ ಗಡ್ಡೆಗಳ ಗುರುತುಗಳು ಕಂಡುಬಂದಿವೆ. ನೋವು ವಿಕಾಸದ ಹಾದಿಯಲ್ಲಿ ಆಕಸ್ಮಿಕವಾಗಿ ಎದುರಾದ ಮುಳ್ಳಲ್ಲ. ಆ ಹಾದಿಯನ್ನು ಅಂಥ ಮುಳ್ಳುಗಳ ನಡುವೆಯೇ ಕಡಿಯಲಾಗಿದೆ. ಇದನ್ನು ಮರೆಮಾಚುವ ಧರ್ಮೋಪದೇಶವು ಪ್ರಾಮಾಣಿಕವಾದುದಲ್ಲ.

ಪವಿತ್ರ ಬೈಬಲ್ ಮಾತ್ರ ಇದನ್ನು ಮರೆಮಾಚಿಲ್ಲ. ನೊಂದ ಯೋಬನಿಗೆ ದೇವರು ವಿವರಣೆಯನ್ನು ಕೊಡುವುದಿಲ್ಲ. ತನ್ನ ಸೃಷ್ಟಿಯನ್ನು ತೋರಿಸುತ್ತಾನೆ. ಆ ಸೃಷ್ಟಿಯಲ್ಲಿ ಬೇಟೆಗಾಗಿ ಹೊಂಚುಹಾಕುವ ಸಿಂಹವಿದೆ, ಹಸಿದು ಕೂಗುವ ಕಾಗೆಯ ಮರಿಗಳಿವೆ, ರಕ್ತವನ್ನು ಹೀರುವ ಹದ್ದಿನ ಮರಿಗಳೂ ಇವೆ. ರೋಮನರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದಲ್ಲಿ ಸಂತ ಪೌಲರು ಇಡೀ ಸೃಷ್ಟಿಯ ನರಳಾಟವನ್ನು ಹೆರಿಗೆಯ ಬೇನೆಗೆ ಹೋಲಿಸುತ್ತಾರೆ. ಶಿಲುಬೆಯ ಮೇಲೆ ಆ ನರಳಾಟದಲ್ಲಿ ದೇವರೇ ಪಾಲುಗೊಂಡನೆಂಬುದು ನಮ್ಮ ವಿಶ್ವಾಸ. ಕಂಬಳಿಹುಳುವಿನ ಯಾತನೆ ಏಕೆಂಬುದಕ್ಕೆ ಇದು ಉತ್ತರವಲ್ಲ, ಹಾಗೆಂದು ಹೇಳಿಕೊಳ್ಳಲೂಬಾರದು. ದೇವರು ಅದನ್ನು ದೂರದಿಂದ ನೋಡುತ್ತಾ ಕುಳಿತಿಲ್ಲ ಎಂದಷ್ಟೇ ಶಿಲುಬೆ ತಿಳಿಸುತ್ತದೆ.

ವಿಜ್ಞಾನದ ವಿದ್ಯಾರ್ಥಿಯೊಬ್ಬಳು ನಮ್ಮ ಧರ್ಮಕೇಂದ್ರದಲ್ಲಿ ಈ ಪ್ರಶ್ನೆಯನ್ನೆತ್ತಿದರೆ, ಮಂಗನಿಂದ ಮಾನವನೇ ಎಂದು ಹಾಸ್ಯ ಮಾಡಿ ಅವಳನ್ನು ಕೂರಿಸುವುದು ಸುಲಭ. ಅವಳು ಸುಮ್ಮನೆ ಕೂರುತ್ತಾಳೆ. ಮುಂದೊಂದು ದಿನ ಸುಮ್ಮನೆ ಎದ್ದುಹೋಗುತ್ತಾಳೆ. ಅದರ ಬದಲು ಅವಳೊಡನೆ ಡಾರ್ವಿನ್ನರ ಪತ್ರವನ್ನೂ ಯೋಬನ ಗ್ರಂಥವನ್ನೂ ಒಟ್ಟಿಗೆ ಓದಲು ಸಿದ್ಧರಿರುವ ಯಾಜಕರೂ ಉಪದೇಶಕರೂ ನಮಗೆ ಬೇಕಾಗಿದ್ದಾರೆ.