ಬಿಟ್ಟಿ ಮತ್ತು ಜೀತ: ಎರಡು ಪದಗಳ ಅದಲುಬದಲು

ಪದಗಳ ಅರ್ಥ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಎಂಬುದು ಭಾಷಾಶಾಸ್ತ್ರದ ಪ್ರಾಥಮಿಕ ತಿಳಿವಳಿಕೆ. ಈ ಬದಲಾವಣೆಗಳನ್ನು ಅರ್ಥಸಂಕೋಚ, ಅರ್ಥವಿಸ್ತಾರ, ಹೀನಾರ್ಥ ಪ್ರಾಪ್ತಿ ಮುಂತಾಗಿ ವಿಂಗಡಿಸುವುದೂ ರೂಢಿಯಲ್ಲಿದೆ. ಆದರೆ ಹೊಸ ಅರ್ಥ ಸಮಾಜದ ಯಾವ ನೆಲೆಯಿಂದ ಹುಟ್ಟಿತು ಎಂಬ ಪ್ರಶ್ನೆಯನ್ನು ಈ ವರ್ಗೀಕರಣ ಕೇಳುವುದಿಲ್ಲ. ದುಡಿಮೆಗೆ ಸಂಬಂಧಿಸಿದ ‘ಬಿಟ್ಟಿ’ ಮತ್ತು ‘ಜೀತ’ ಎಂಬ ಎರಡು ಪದಗಳ ಚರಿತ್ರೆ ಈ ಕೊರತೆಯನ್ನು ಎತ್ತಿ ತೋರಿಸುತ್ತದೆ.

‘ಬಿಟ್ಟಿ’ ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಹೊಯ್ಸಳ ಬಿಟ್ಟಿದೇವನ ಹೆಸರು ‘ವಿಷ್ಣು’ವಿನಿಂದ ಬಂದದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆಯೇ ವಿಷ್ಟಿ. ಕೌಟಿಲ್ಯನ ಅರ್ಥಶಾಸ್ತ್ರ ಇದನ್ನು ರಾಜ್ಯದ ಸಂಪನ್ಮೂಲಗಳಲ್ಲಿ ಒಂದೆಂದು ಎಣಿಸುತ್ತದೆ. ಕ್ರಿ.ಶ. 150ರ ಸುಮಾರಿನ ಜುನಾಗಢ ಶಾಸನವು, ರುದ್ರದಾಮನು ಪ್ರಜೆಗಳನ್ನು ವಿಷ್ಟಿಯಿಂದ ಪೀಡಿಸದೆಯೇ ಸುದರ್ಶನ ಕೆರೆಯನ್ನು ದುರಸ್ತಿ ಮಾಡಿಸಿದನೆಂದು ಹೊಗಳುತ್ತದೆ. ಅದು ಹೊಗಳಿಕೆಯ ವಿಷಯವಾಯಿತೆಂದರೆ ಪೀಡೆಯೇ ವಾಡಿಕೆಯಾಗಿತ್ತೆಂದು ಊಹಿಸಬಹುದು. ಕನ್ನಡ ಶಾಸನಗಳಲ್ಲಿಯೂ ಬಿಟ್ಟಿ ತೆರಿಗೆಗಳ ಸಾಲಿನಲ್ಲಿ ಬರುತ್ತದೆ.

‘ಜೀತ’ದ ಮೂಲ ಇದಕ್ಕೆ ವಿರುದ್ಧವಾದುದು. ‘ಜೀವಿತ’ದಿಂದ ಬಂದ ಈ ಪದಕ್ಕೆ, ಸೇವೆಗೆ ಪ್ರತಿಯಾಗಿ ಜೀವನೋಪಾಯಕ್ಕೆಂದು ಕೊಡುವ ವೇತನ ಎಂಬ ಅರ್ಥವಿತ್ತು. ತೆಲುಗಿನಲ್ಲಿ ‘ಜೀತಂ’ ಎಂದರೆ ಇಂದಿಗೂ ಸಂಬಳವೇ. ಕನ್ನಡದಲ್ಲಿ ಆ ಸ್ಥಾನವನ್ನು, ಮೂಲತಃ ದಾರಿಬುತ್ತಿ ಎಂಬ ಅರ್ಥದ ‘ಸಂಬಳ’ ಆಕ್ರಮಿಸಿತು. ಜೀತವು ಸಾಲಕ್ಕೆ ಒತ್ತೆಯಾದ ಆಳಿನ ಬಾಳಿಗೆ ಹೆಸರಾಯಿತು. 1976ರ ಕೇಂದ್ರ ಕಾಯಿದೆ ರದ್ದುಪಡಿಸಿದ್ದನ್ನು ಕನ್ನಡದಲ್ಲಿ ‘ಜೀತ ಪದ್ಧತಿ’ ಎಂದೇ ಕರೆಯಲಾಗುತ್ತದೆ.

ಹೀಗೆ ವೇತನವನ್ನು ಸೂಚಿಸುತ್ತಿದ್ದ ಪದ ಬಂಧನವನ್ನು ಸೂಚಿಸತೊಡಗಿತು. ಬಲವಂತದ ದುಡಿಮೆಯನ್ನು ಸೂಚಿಸುತ್ತಿದ್ದ ಪದ ಪುಕ್ಕಟೆ ಲಾಭವನ್ನು ಸೂಚಿಸತೊಡಗಿತು. ಇದನ್ನು ಕೇವಲ ಆಕಸ್ಮಿಕವೆನ್ನಲಾಗದು. ಒಡೆಯನ ಲೆಕ್ಕದಲ್ಲಿ ಜೀತವೆಂದರೆ ಅವನು ಕೊಟ್ಟದ್ದು. ಆಳಿನ ಅನುಭವದಲ್ಲಿ ಅದು ತೀರದ ಋಣ. ಈ ಪದದಲ್ಲಿ ಉಳಿದದ್ದು ಆಳಿನ ಅನುಭವ. ಬಿಟ್ಟಿಯ ವಿಷಯದಲ್ಲಿ ಆದದ್ದು ಇದರ ತಿರುಗುಮುರುಗು. ದುಡಿದವನಿಗೆ ಅದು ಹಿಂಸೆ. ದುಡಿಸಿಕೊಂಡವನಿಗೆ ಮಾತ್ರ ಅದು ಖರ್ಚಿಲ್ಲದೆ ದಕ್ಕಿದ್ದು. ‘ಬೆಲೆ ಕೊಡದೆ ಸಿಕ್ಕಿದ್ದು’ ಎಂಬ ಇಂದಿನ ಅರ್ಥ ಹೊಮ್ಮಿರುವುದು ದುಡಿಸಿಕೊಂಡವನ ನೆಲೆಯಿಂದ. ಹಳೆಯ ಅರ್ಥವೇನೂ ಪೂರ್ತಿ ಅಳಿದಿಲ್ಲ. ‘ಬಿಟ್ಟಿ ಚಾಕರಿ’ ಎನ್ನುವಾಗ ದುಡಿದವನ ನೋವೂ ‘ಬಿಟ್ಟಿ ಕೂಳು’ ಎನ್ನುವಾಗ ಉಣ್ಣುವವನ ಮೇಲಿನ ತಾತ್ಸಾರವೂ ವ್ಯಕ್ತವಾಗುತ್ತವೆ. ಒಂದೇ ಪದ ಎರಡು ನೆಲೆಗಳಿಂದ ಮಾತನಾಡುತ್ತದೆ.

ಈ ಪಲ್ಲಟದ ರಾಜಕೀಯ ಆಯಾಮ ಇತ್ತೀಚಿನ ದಶಕಗಳಲ್ಲಿ ನಿಚ್ಚಳವಾಗಿದೆ. 2013ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಅನ್ನಭಾಗ್ಯವನ್ನೂ 2023ರ ಐದು ಗ್ಯಾರಂಟಿ ಯೋಜನೆಗಳನ್ನೂ ಟೀಕಿಸುವವರ ಬಾಯಲ್ಲಿ ‘ಬಿಟ್ಟಿ ಭಾಗ್ಯ’ ಎಂಬ ಸಮಾಸ ಚಾಲ್ತಿಗೆ ಬಂದಿತು. ಸರ್ಕಾರಿ ಭಾಷೆ ಬಳಸುವ ಪದ ‘ಉಚಿತ’. ಸಂಸ್ಕೃತದಲ್ಲಿ ಇದರ ಅರ್ಥ ತಕ್ಕುದು, ಯೋಗ್ಯವಾದುದು ಎಂದು. ಒಂದು ಪದ ಪಡೆಯುವವರ ಯೋಗ್ಯತೆಯನ್ನು ನೆನಪಿಸುತ್ತದೆ, ಇನ್ನೊಂದು ಅದನ್ನು ನಿರಾಕರಿಸುತ್ತದೆ. ಯೋಜನೆಗಳ ಆರ್ಥಿಕ ಯುಕ್ತಾಯುಕ್ತತೆ ಬೇರೆಯೇ ಚರ್ಚೆ. ಆದರೆ ತಲೆಮಾರುಗಳ ಕಾಲ ಬಿಟ್ಟಿ ದುಡಿದ ಸಮುದಾಯಗಳ ಮಕ್ಕಳು ಅಕ್ಕಿ ಪಡೆದಾಗ ಅದೇ ಪದ ಮೂದಲಿಕೆಯಾಗಿ ಅವರಿಗೆ ಅಂಟಿಕೊಳ್ಳುವುದು ಗಂಭೀರವಾಗಿ ಪರಿಗಣಿಸಬೇಕಾದ ಸಂಗತಿ. ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸಿದ್ದು ಈ ದುಡಿಮೆಯನ್ನೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. ಆಚರಣೆಯನ್ನು ಕಾನೂನು ನಿಷೇಧಿಸಬಲ್ಲುದು. ಪದದೊಳಗೆ ನೆಲೆಸಿದ ಯಜಮಾನಿಕೆಯ ದೃಷ್ಟಿ ಅದರ ಕೈಗೆ ಸಿಗುವುದಿಲ್ಲ.

ಜಾನಪದ ಅಧ್ಯಯನಕ್ಕೆ ಇಲ್ಲಿ ಸ್ಪಷ್ಟವಾದ ಹೊಣೆಯಿದೆ. ಕ್ಷೇತ್ರಕಾರ್ಯದಲ್ಲಿ ಸಂಗ್ರಹವಾಗುವ ಪದಗಳಿಗೆ ಕೇವಲ ಸಮಾನಾರ್ಥಕಗಳನ್ನು ಕೊಟ್ಟರೆ, ‘ಬಿಟ್ಟಿ: ಪುಕ್ಕಟೆ’ ಎಂಬ ನಮೂದು ದುಡಿಸಿಕೊಂಡವರ ಅರ್ಥವನ್ನೇ ಎಲ್ಲರ ಅರ್ಥವಾಗಿ ದಾಖಲಿಸುತ್ತದೆ. ಪದವನ್ನು ಆಡಿದವರು ಯಾರು, ಯಾರನ್ನು ಕುರಿತು, ಯಾವ ಸಂದರ್ಭದಲ್ಲಿ ಎಂಬ ವಿವರ ಪ್ರತಿ ನಮೂದಿನ ಜೊತೆಗೂ ಇರಬೇಕು. ಬಿಟ್ಟಿ ದುಡಿಮೆಯನ್ನು ಕಂಡುಂಡ ಹಿರಿಯರು ವಿರಳವಾಗುತ್ತಿರುವ ಈ ಹೊತ್ತಿನಲ್ಲಿ ಆ ಕೆಲಸವನ್ನು ಮುಂದೂಡುವಂತಿಲ್ಲ.